ನಿನ್ನ ಸಂದೇಹ ಮಗುವಿನ ಕಾಯಿಲೆಗೆ ಕಾರಣವಲ್ಲ

ಬೆಟಗೇರಿ
ಭಾನುವಾರ ಸಂಜೆ

ಕರ್ತನಲ್ಲಿ ಪ್ರಿಯಳಾದ ಮಗಳಿಗೆ,

ನಿನ್ನ ಸೋದರತ್ತೆಯ ಪ್ರೀತಿಪೂರ್ವಕ ವಂದನೆಗಳು. ಡಾಕ್ಟರು ಹೇಳಿದ್ದು, ಮುಂದಿನ ಚಿಕಿತ್ಸೆಯ ದಿನ, ಖರ್ಚಿನ ವಿಷಯ, ಎಲ್ಲವನ್ನೂ ನಿನ್ನ ಅಪ್ಪ ಫೋನಿನಲ್ಲಿ ತಿಳಿಸಿದ್ದಾನೆ. ಅದನ್ನೇ ಮತ್ತೆ ಕೇಳಿ ನಿನ್ನನ್ನು ದಣಿಸುವುದಿಲ್ಲ. ಆದರೆ ನಿನ್ನ ಪತ್ರದ ಕೊನೆಯಲ್ಲಿ ನೀನು ಬರೆದು, ಮೇಲೆ ಗೆರೆ ಎಳೆದು, ಆದರೂ ಓದಲು ಬರುವಂತಿದ್ದ ಒಂದು ಸಾಲು ನನ್ನ ನಿದ್ದೆ ಕೆಡಿಸಿದೆ. ನಿನ್ನ ನಂಬಿಕೆ ಅಲುಗಾಡಿದ್ದರಿಂದಲೇ ದೇವರು ಮಗುವನ್ನು ಗುಣಪಡಿಸುತ್ತಿಲ್ಲವೇನೋ ಎಂದು ಕೇಳಿದ್ದೀಯ.

ಸಂದೇಹಪಡುವವನು ಕರ್ತನಿಂದ ಏನನ್ನಾದರೂ ಹೊಂದುವೆನೆಂದು ನೆನಸದಿರಲಿ ಎಂಬ ಮಾತು ಯಾಕೋಬನ ಪತ್ರಿಕೆಯ ಮೊದಲ ಅಧ್ಯಾಯದಲ್ಲಿ ಇದೆ, ಇಲ್ಲವೆನ್ನಲಾರೆ. ವಾರ್ಡಿಗೆ ಬಂದ ಯಾರೋ ಅದನ್ನೇ ನಿನಗೆ ಹೇಳಿ ಹೋಗಿರಬೇಕು. ಆದರೆ ಅದಕ್ಕೆ ಮುಂಚಿನ ವಚನವನ್ನೂ ಓದಬೇಕಮ್ಮ. ಅಲ್ಲಿ ಯಾಕೋಬನು ಶೋಧನೆಯಲ್ಲಿ, ಅಂದರೆ ಕಷ್ಟದ ಪರೀಕ್ಷೆಯಲ್ಲಿ, ಇರುವವರಿಗೆ ಜ್ಞಾನವನ್ನು ಬೇಡಿಕೊಳ್ಳಲು ಹೇಳುತ್ತಾನೆ, ದೇವರು ಯಾರನ್ನೂ ಹಂಗಿಸದೆ ಉದಾರವಾಗಿ ಕೊಡುವವನು ಎನ್ನುತ್ತಾನೆ. ಹಂಗಿಸದ ದೇವರು, ರಾತ್ರಿಯೆಲ್ಲ ಸ್ಟೂಲಿನ ಮೇಲೆ ಕೂತ ತಾಯಿಯ ನಂಬಿಕೆಯನ್ನು ತಕ್ಕಡಿಗೆ ಹಾಕಿ, ತೂಕ ಕಡಿಮೆ ಬಿತ್ತೆಂದು ಮಗುವಿನಿಂದ ವಸೂಲು ಮಾಡುತ್ತಾನೆಯೇ? ನನ್ನಿಂದ ಅದನ್ನು ನಂಬಲಾಗುವುದಿಲ್ಲ.

ನಿನ್ನ ಮಾವನವರ ಕೊನೆಯ ತಿಂಗಳುಗಳನ್ನು ನೀನು ಬಲ್ಲೆ. ನಿನಗೆ ಹೇಳದಿದ್ದದ್ದು ಒಂದಿದೆ. ಪ್ರಾರ್ಥನಾಕೂಟ ಮುಗಿದ ಮೇಲೆ ಒಬ್ಬರು ನನ್ನನ್ನು ಅಡಿಗೆಮನೆಯ ಬಾಗಿಲಲ್ಲಿ ನಿಲ್ಲಿಸಿ, ಈ ಮನೆಯಲ್ಲಿ ಯಾರಿಗೋ ನಂಬಿಕೆ ಸಾಲದು, ಆದ್ದರಿಂದ ಪ್ರಾರ್ಥನೆ ಮೇಲಕ್ಕೆ ಹೋಗುತ್ತಿಲ್ಲ ಎಂದರು. ನನ್ನ ಕೈಯಲ್ಲಿ ಚಹಾದ ತಟ್ಟೆ ಇತ್ತು, ಒಳಗೆ ನಿನ್ನ ಮಾವನವರು ಕೆಮ್ಮುತ್ತಿದ್ದರು. ಆ ಮಾತು ನನ್ನ ಜೊತೆ ಅವರ ಸಮಾಧಿಯವರೆಗೂ ಬಂದಿತು, ಆಮೇಲೂ ಬಹಳ ವರ್ಷ ಬಿಡಲಿಲ್ಲ. ಪ್ರಭುಭೋಜನಕ್ಕೆ ಹೋಗಿ ಮೊಣಕಾಲೂರಿದಾಗಲೂ, ನಾನು ಇನ್ನೂ ಸ್ವಲ್ಪ ಗಟ್ಟಿಯಾಗಿ ನಂಬಿದ್ದರೆ ಎಂದೇ ಯೋಚನೆ. ಅದೇ ಮಾತು ಈಗ ನಿನ್ನ ಅಕ್ಷರದಲ್ಲಿ ನನ್ನ ಮುಂದೆ ಬಂದು ನಿಂತಿರುವುದರಿಂದ ಈ ಪತ್ರ ಉದ್ದವಾಗುತ್ತಿದೆ, ಬೇಸರಿಸಬೇಡ.

ಮಾರ್ಕನ ಸುವಾರ್ತೆಯ ಒಂಬತ್ತನೆಯ ಅಧ್ಯಾಯದ ತಂದೆಯನ್ನು ನೆನೆ. ಮಗ ಚಿಕ್ಕಂದಿನಿಂದ ಬೆಂಕಿಗೂ ನೀರಿಗೂ ಬೀಳುತ್ತಿದ್ದ, ಶಿಷ್ಯರಿಂದ ಏನೂ ಆಗಿರಲಿಲ್ಲ. ಅವನು ಯೇಸುವಿನ ಮುಂದೆ ನಿಂತು, ನಂಬುತ್ತೇನೆ ಎಂದವನೇ ಅದೇ ಉಸಿರಿನಲ್ಲಿ ತನ್ನ ಅಪನಂಬಿಕೆಗೂ ಸಹಾಯ ಬೇಡಿದ. ನಂಬಿಕೆ ಪೂರ್ತಿಯಾದ ಮೇಲೆ ಬಾ ಎಂದು ಯೇಸು ಅವನನ್ನು ಕಳುಹಿಸಲಿಲ್ಲ; ಹುಡುಗನ ಕೈಹಿಡಿದು ಎಬ್ಬಿಸಿದನು. ಶಿಷ್ಯನಾದ ಪೇತ್ರನು ನೀರಿನಲ್ಲಿ ಮುಳುಗುವಾಗಲೂ ಯೇಸು ಮೊದಲು ಕೈಚಾಚಿ ಹಿಡಿದನು, ಯಾಕೆ ಸಂದೇಹಪಟ್ಟೆ ಎಂದು ಕೇಳಿದ್ದು ಆಮೇಲೆ.

ಹೀಗೆ ಬರೆಯುವುದರಿಂದ ಮಗು ಗುಣವಾಗಿಯೇ ಆಗುತ್ತದೆಂದು ನಾನು ಮಾತು ಕೊಡುತ್ತಿದ್ದೇನೆಂದು ತಿಳಿಯಬೇಡ. ಆ ಅಧಿಕಾರ ನನಗಿಲ್ಲ, ನನ್ನ ಮನೆಯಲ್ಲಿ ಹಾಗೆ ಆಗಲೂ ಇಲ್ಲ. ಅಪೊಸ್ತಲನಾದ ಪೌಲನು ತನ್ನ ಶರೀರದಲ್ಲಿ ನಾಟಿದ್ದ ಮುಳ್ಳನ್ನು ತೆಗೆಯಬೇಕೆಂದು ಮೂರು ಸಾರಿ ಬೇಡಿದರೂ ಅದು ಹೋಗಲಿಲ್ಲ. ಪೌಲನಿಗೆ ನಂಬಿಕೆ ಸಾಲದು ಎಂದು ಯಾವ ಬೋಧಕರೂ ಪೀಠದಿಂದ ಹೇಳಿದ್ದನ್ನು ನಾನು ಕೇಳಿಲ್ಲ. ಹಾಗಿರುವಾಗ ನಿನಗೆ ಮಾತ್ರ ಆ ಮಾತನ್ನು ಯಾಕೆ ಹೇಳಬೇಕು?

ಪರದೇಶದ ಪಾದ್ರಿಗಳು ನಡೆಸಿದ ಬಾಸೆಲ್ ಮಿಶನ್ ಕಾಲದಿಂದ ಬಂದ ನಮ್ಮ ಮನೆತನದಲ್ಲಿ ಸಂದೇಹವನ್ನು ಬಾಯಿಬಿಟ್ಟು ಹೇಳುವ ರೂಢಿ ಇರಲಿಲ್ಲ. ನಿನ್ನ ಅಜ್ಜ ಉಪದೇಶಿಯಾಗಿದ್ದವರು, ದಿನವೂ ಸಂಜೆ ಮನೆಪ್ರಾರ್ಥನೆ ತಪ್ಪಿಸದವರು. ಅವರು ತೀರಿಕೊಂಡ ಮೇಲೆ ಅವರ ಸತ್ಯವೇದ ನನ್ನ ಪಾಲಿಗೆ ಬಂತು. ಅದರಲ್ಲಿ 88ನೆಯ ಕೀರ್ತನೆಯ ಪಕ್ಕದಲ್ಲಿ ಪೆನ್ಸಿಲಿನಿಂದ ಒತ್ತಿ ಎಳೆದ ಗೆರೆ, ಕೆಳಗೆ 1961 ಎಂದು ಬರೆದದ್ದು ಇದೆ. ನಮ್ಮ ಚಿಕ್ಕ ತಮ್ಮ ತೀರಿಕೊಂಡ ವರ್ಷ ಅದು. ಬೇರೆ ಹೆಚ್ಚಿನ ಕೀರ್ತನೆಗಳು ಅಳುತ್ತಾ ಆರಂಭವಾದರೂ ಸ್ತೋತ್ರಕ್ಕೆ ತಿರುಗುತ್ತವೆ. ಇದು ತಿರುಗುವುದಿಲ್ಲ, ಕತ್ತಲೆಯಲ್ಲಿಯೇ ಮುಗಿಯುತ್ತದೆ. ಆದರೂ ಅದನ್ನು ಸತ್ಯವೇದದಿಂದ ಯಾರೂ ತೆಗೆದುಹಾಕಲಿಲ್ಲ. ನನ್ನ ಅಪ್ಪ ಇನ್ನೂ ಇದ್ದಾಗ, ಆ ವರ್ಷ ನೀವು ಹೇಗೆ ಪ್ರಾರ್ಥಿಸಿದಿರಿ ಎಂದು ಒಮ್ಮೆಯಾದರೂ ಕೇಳಬೇಕಿತ್ತು. ಆ ಕೊರಗು ನನಗಿದೆ. ನೀನು ಕೇಳಿದೆ, ಗೆರೆ ಎಳೆದಾದರೂ ಕೇಳಿದೆ. ಅದಕ್ಕಾಗಿ ದೇವರಿಗೆ ಸ್ತೋತ್ರ ಹೇಳಿದ್ದೇನೆ.

ಏನು ಮಾಡಬೇಕೆಂದು ಹೇಳುವಷ್ಟು ತಿಳಿವಳಿಕೆ ನನಗಿಲ್ಲ, ಆದರೂ ಒಂದೆರಡು ಮಾತು ಬರೆಯುತ್ತೇನೆ, ಸರಿಕಂಡರೆ ತೆಗೆದುಕೋ. ನಂಬಿಕೆಯನ್ನು ಅಳೆಯುವವರು ಮತ್ತೆ ಬಂದರೆ ಮಗು ಮಲಗಿದೆ ಎಂದು ಹೇಳಿ ಬಾಗಿಲಲ್ಲೇ ಕೈಮುಗಿ, ಅದರಲ್ಲಿ ಪಾಪವಿಲ್ಲ. ಪ್ರಾರ್ಥನೆಗೆ ಮಾತು ಬಾರದಿದ್ದರೆ ಮಾರ್ಕನ ಸುವಾರ್ತೆಯ ಆ ತಂದೆಯ ಒಂದೇ ವಾಕ್ಯ ಸಾಕು. ಅದೂ ಬಾರದಿದ್ದರೆ ಬಿಡು, ಇಲ್ಲಿ ನಾವು ಪ್ರಾರ್ಥಿಸುತ್ತಿದ್ದೇವೆ. ಪ್ರವಾದಿಯಾದ ಎಲೀಯನು ಸಾಕಪ್ಪಾ ಎಂದು ಗಿಡದ ಕೆಳಗೆ ಮಲಗಿದಾಗ ದೇವದೂತನು ಮೊದಲು ಕೊಟ್ಟದ್ದು ರೊಟ್ಟಿ ಮತ್ತು ನೀರು, ಆದ್ದರಿಂದ ಊಟ ಬಿಡಬೇಡ. ಶುಕ್ರವಾರ ರಾತ್ರಿ ಅಳಿಯಂದಿರು ಮಗುವಿನ ಹತ್ತಿರ ಇರಲಿ, ನೀನು ನಿನ್ನ ಚಿಕ್ಕಮ್ಮನ ಮನೆಗೆ ಹೋಗಿ ಮಲಗು. ಅವಳಿಗೆ ನಾನು ಆಗಲೇ ಫೋನ್ ಮಾಡಿ ಹೇಳಿದ್ದೇನೆ.

ನಿನ್ನ ಪ್ರೀತಿಯ
ಅತ್ತೆ