ಸ್ಯಾಚೆಲ್ ಪೇಜ್ ಕುರಿತು ಬರೆಯುತ್ತಿರುವ ಕಿರಿಯ ಮಿತ್ರರಿಗೆ

ಪ್ರಿಯ ಮಿತ್ರರೇ,

ನಮಸ್ಕಾರ. ಅಮೆರಿಕದ ಬೇಸ್‌ಬಾಲ್ ಪಿಚರ್ (ಚೆಂಡೆಸೆಯುವ ಆಟಗಾರ) ಸ್ಯಾಚೆಲ್ ಪೇಜ್ ಅವರ ಬಗ್ಗೆ ನೀವು ಬರೆದ ಹಸ್ತಪ್ರತಿಯನ್ನು ಎರಡು ಸಲ ಓದಿದೆ. ಹುಟ್ಟಿದ ದಿನ ದಾಖಲಾಗಿದ್ದ ಬೈಬಲನ್ನು ಮೇಕೆ ತಿಂದುಹಾಕಿತೆಂದು ಅವರು ಹೇಳುತ್ತಿದ್ದ ಕಥೆಯನ್ನು ನೀವು ಬಹಳ ಸೊಗಸಾಗಿ ಹೇಳಿದ್ದೀರಿ. ಆದರೆ ಓದಿ ಮುಗಿಸಿದ ಮೇಲೆ ನನ್ನ ಮನಸ್ಸಿನಲ್ಲಿ ಉಳಿದದ್ದು ಒಬ್ಬ ವಿನೋದಗಾರ. ದಶಕಗಳ ಕಾಲ ತನ್ನ ತೋಳನ್ನೇ ನಂಬಿ ಬದುಕಿದ ದುಡಿಮೆಗಾರ ಅಲ್ಲಿ ಕಾಣಲಿಲ್ಲ.

ಅಲಬಾಮಾದ ಮೊಬೈಲ್ ನಗರದಲ್ಲಿ 1906ರಲ್ಲಿ ಹುಟ್ಟಿ, ರೈಲು ನಿಲ್ದಾಣದಲ್ಲಿ ಚೀಲ ಹೊರುತ್ತಿದ್ದ ಆ ಹುಡುಗನನ್ನು ಸಣ್ಣಪುಟ್ಟ ಕಳ್ಳತನ ಮತ್ತು ಶಾಲೆ ತಪ್ಪಿಸಿದ ಕಾರಣಕ್ಕೆ 1918ರಲ್ಲಿ ಮೌಂಟ್ ಮೆಗ್ಸ್‌ನ ಸುಧಾರಣಾ ಶಾಲೆಗೆ ಕಳುಹಿಸಲಾಯಿತು. ಅವರು ಚೆಂಡೆಸೆಯುವ ವಿದ್ಯೆಯನ್ನು ಶ್ರದ್ಧೆಯಿಂದ ಕಲಿತದ್ದು ಅಲ್ಲಿ ಕಳೆದ ಐದು ವರ್ಷಗಳಲ್ಲಿ. ನೀವು ಆ ಐದು ವರ್ಷಗಳನ್ನು ಒಂದೇ ವಾಕ್ಯದಲ್ಲಿ ದಾಟಿಬಿಟ್ಟಿದ್ದೀರಿ.

ಅವರ ರಂಗು ಎಲ್ಲಿಂದ ಬಂತು ಎಂಬುದನ್ನೂ ಕೇಳಿಕೊಳ್ಳಿ. 1947ರಲ್ಲಿ ಜಾಕಿ ರಾಬಿನ್ಸನ್ ಬರುವವರೆಗೆ ಅಮೆರಿಕದ ಬೇಸ್‌ಬಾಲ್‌ನ ಅತ್ಯುನ್ನತ ಪಂದ್ಯಾವಳಿಗಳಾದ ಆಧುನಿಕ ಮೇಜರ್ ಲೀಗ್‌ಗಳು ಕಪ್ಪು ಆಟಗಾರರಿಗೆ ಮುಚ್ಚಿದ್ದವು. ಕಪ್ಪು ಆಟಗಾರರದೇ ಆದ ನೀಗ್ರೊ ಲೀಗ್‌ಗಳಲ್ಲಿ ಆಡುತ್ತ, ಬಿಡುವಿನಲ್ಲಿ ಊರೂರು ತಿರುಗಿ ಪ್ರದರ್ಶನ ಪಂದ್ಯಗಳನ್ನಾಡುತ್ತಿದ್ದವರ ಸಂಪಾದನೆ ನಿಂತಿದ್ದದ್ದು ಟಿಕೆಟ್ ಕೊಂಡು ಬರುವ ಜನರ ಮೇಲೆ. ತನ್ನ ಹೆಸರು ಕೇಳಿದೊಡನೆ ಜನ ಸೇರಬೇಕೆಂದರೆ ಆ ಹೆಸರಿನ ಸುತ್ತ ಕಥೆಗಳಿರಬೇಕೆಂದು ಪೇಜ್ ಅರಿತಿದ್ದರು. ಅವರ ನಿಧಾನದ ನಡಿಗೆ, ಎಸೆತಗಳಿಗೆ ಇಟ್ಟ ವಿಚಿತ್ರ ಹೆಸರುಗಳು, ವಯಸ್ಸಿನ ಗುಟ್ಟು ಎಲ್ಲವೂ ಆ ಕಸುಬಿನ ಭಾಗವೇ ಆಗಿದ್ದವು ಎಂದು ನಾನು ನಂಬುತ್ತೇನೆ.

ಕ್ರಿಕೆಟ್ ನೋಡಿ ಬೆಳೆದ ನಮ್ಮ ಓದುಗರಿಗೆ ಎಸೆತವನ್ನು ಬಿಡಿಸಿ ತೋರಿಸಿ. ಪಿಚರ್ ಓಡಿಬರುವುದಿಲ್ಲ; ಚೆಂಡು ನೆಲಕ್ಕೆ ಬಡಿದು ಪುಟಿಯುವುದೂ ಇಲ್ಲ; ಅರವತ್ತೂವರೆ ಅಡಿ ದೂರದಿಂದ ಅದು ಗಾಳಿಯಲ್ಲೇ ಬರುತ್ತದೆ. ಬ್ಯಾಟರ್ ತನ್ನ ಬೀಸನ್ನು ಪಿಚರ್‌ನ ದೇಹದ ಲಯಕ್ಕೆ ಹೊಂದಿಸಿಕೊಳ್ಳುತ್ತಾನೆ. ಪೇಜ್ ತಮ್ಮ ಹೆಸರಾಂತ ‘ಹೆಸಿಟೇಷನ್ ಪಿಚ್’ನಲ್ಲಿ ಮುಂಗಾಲು ನೆಲಕ್ಕೆ ಊರಿದ ಮೇಲೂ ಕೈಯನ್ನು ಒಂದು ಕ್ಷಣ ತಡೆದು, ಆ ಲಯವನ್ನೇ ಮುರಿಯುತ್ತಿದ್ದರು. ಇದನ್ನು ಅರ್ಥ ಮಾಡಿಕೊಂಡ ಓದುಗನಿಗೆ ಅವರ ಆಟದಲ್ಲಿದ್ದ ಬುದ್ಧಿ ಕಾಣುತ್ತದೆ.

ನೀಗ್ರೊ ಲೀಗ್‌ಗಳ ಅಂತಿಮ ಸರಣಿಯಾದ ನೀಗ್ರೊ ವರ್ಲ್ಡ್ ಸೀರೀಸ್‌ನ 1942ರ ಪ್ರಸಂಗದಲ್ಲಿ ಮಾತ್ರ ಎಚ್ಚರವಿರಲಿ. ಎದುರಾಳಿ ತಂಡದ ಹೆಸರಾಂತ ಬ್ಯಾಟರ್ ಜೋಶ್ ಗಿಬ್ಸನ್ ಅವರನ್ನು ಎದುರಿಸಲೆಂದೇ ಅವರಿಗಿಂತ ಮೊದಲು ಬಂದ ಬ್ಯಾಟರ್‌ಗಳಿಗೆ ಬೇಕೆಂದೇ ಬೇಸ್ (ರನ್ ಗಳಿಸಲು ಬ್ಯಾಟರ್ ಒಂದೊಂದಾಗಿ ದಾಟಬೇಕಾದ ನೆಲೆ) ಬಿಟ್ಟುಕೊಟ್ಟೆನೆಂದು ಪೇಜ್ ಹೇಳುತ್ತಿದ್ದರು. ಬೇಸ್‌ಗಳು ತುಂಬಿದ್ದಾಗ ಗಿಬ್ಸನ್ ಅವರನ್ನು ಔಟ್ ಮಾಡಿದ್ದು ನಿಜ. ಬೇಕೆಂದೇ ತುಂಬಿಸಿದ ಮಾತಿಗೆ ಅಂದಿನ ವರದಿಗಳ ಬೆಂಬಲವಿಲ್ಲ. ಕಥೆಯನ್ನು ಕೈಬಿಡಬೇಡಿ, ಆದರೆ ಅದು ಅವರು ಹೇಳಿದ ಕಥೆಯೆಂದೇ ಬರೆಯಿರಿ.

ಕೊನೆಯ ಭಾಗದಲ್ಲಿ ನಿಮಗೆ ಅಲಂಕಾರವೇ ಬೇಕಿಲ್ಲ. 1948ರ ಜುಲೈಯಲ್ಲಿ, 42ನೆಯ ವಯಸ್ಸಿನಲ್ಲಿ ಅವರು ಮೇಜರ್ ಲೀಗ್‌ನ ಕ್ಲೀವ್‌ಲ್ಯಾಂಡ್ ತಂಡ ಸೇರಿ ಆರು ಪಂದ್ಯ ಗೆದ್ದು ಒಂದು ಸೋತರು. ಆ ವರ್ಷ ತಂಡ ಮೇಜರ್ ಲೀಗ್‌ಗಳ ಅಂತಿಮ ಸರಣಿಯಾದ ವರ್ಲ್ಡ್ ಸೀರೀಸ್ ಗೆದ್ದಿತು. 1965ರ ಸೆಪ್ಟೆಂಬರ್‌ನಲ್ಲಿ ಕ್ಯಾನ್ಸಸ್ ಸಿಟಿ ತಂಡದ ಮಾಲೀಕರು, ಜನರನ್ನು ಸೆಳೆಯಲೆಂದು, 59ರ ಪೇಜ್ ಅವರನ್ನು ತೂಗುಕುರ್ಚಿಯಲ್ಲಿ ಕೂರಿಸಿ ಪಕ್ಕದಲ್ಲಿ ದಾದಿಯೊಬ್ಬಳನ್ನೂ ನಿಲ್ಲಿಸಿದ್ದರು. ನೀವು ಆ ಕುರ್ಚಿಗೆ ಒಂದು ಪುಟ ಕೊಟ್ಟು, ಅವರು ಎದ್ದುಹೋಗಿ ಬಾಸ್ಟನ್ ವಿರುದ್ಧ ಮೂರು ಇನ್ನಿಂಗ್ಸ್ ಎಸೆದು, ಒಂದೇ ಒಂದು ಹಿಟ್ ಕೊಟ್ಟು, ಒಂದು ರನ್ನನ್ನೂ ಬಿಡದೆ ಹಿಂದಿರುಗಿದ್ದಕ್ಕೆ ಎರಡು ಸಾಲು ಕೊಟ್ಟಿದ್ದೀರಿ. ದಯವಿಟ್ಟು ಆ ಅಳತೆಯನ್ನು ತಿರುವುಮುರುವು ಮಾಡಿ. 1971ರಲ್ಲಿ ಬೇಸ್‌ಬಾಲ್ ದಿಗ್ಗಜರನ್ನು ಗೌರವಿಸುವ ಹಾಲ್ ಆಫ್ ಫೇಮ್ ಸಂಸ್ಥೆ ಅವರಿಗೆ ಮೊದಲು ನೀಗ್ರೊ ಲೀಗ್ ಆಟಗಾರರ ಪ್ರತ್ಯೇಕ ವಿಭಾಗದಲ್ಲಿ ಜಾಗ ಕೊಡಹೊರಟು, ಟೀಕೆ ಬಂದ ಮೇಲೆ ಎಲ್ಲರ ಸಾಲಿಗೆ ಸೇರಿಸಿದ್ದೂ ನಿಮ್ಮ ಬರಹದಲ್ಲಿ ಇಲ್ಲವೇ ಇಲ್ಲ, ಅದು ಬರಲೇಬೇಕು.

ಇಡೀ ಹಸ್ತಪ್ರತಿ ಸಿದ್ಧವಾಗಲೆಂದು ಕಾಯಬೇಡಿ. ಮೌಂಟ್ ಮೆಗ್ಸ್‌ನ ಭಾಗವನ್ನು ಬರೆದ ಕೂಡಲೇ ಕಳುಹಿಸಿ, ಓದಲು ಕಾದಿರುತ್ತೇನೆ.

ಇಂತು ನಿಮ್ಮ ಹಿತೈಷಿ