ಗೋಲು ಕಾಯುವವರಿಗೂ ಒಬ್ಬ ಗುರು ಬೇಕು

ಸಂಪಾದಕರಿಗೆ,

ಮಾನ್ಯರೇ,

ಕಳೆದ ತಿಂಗಳು ಬಳ್ಳಾರಿಯಲ್ಲಿ ಪ್ರೌಢಶಾಲಾ ಬಾಲಕಿಯರ ಹಾಕಿ ಪಂದ್ಯವೊಂದನ್ನು ನೋಡಲು ಹೋಗಿದ್ದೆ. ಮೂವತ್ತು ವರ್ಷ ದೈಹಿಕ ಶಿಕ್ಷಣ ಶಿಕ್ಷಕನಾಗಿದ್ದವನಿಗೆ ನಿವೃತ್ತಿಯ ಬಳಿಕವೂ ಮೈದಾನದ ಸೆಳೆತ ಬಿಟ್ಟಿಲ್ಲ. ಸೋತ ತಂಡದ ಗೋಲ್‌ಕೀಪರ್ ಒಂಬತ್ತನೆಯ ತರಗತಿಯ ಹುಡುಗಿ. ಕಾಲಿಗೆ ಕಟ್ಟಿದ್ದು ಹಳೆಯ ಕ್ರಿಕೆಟ್ ಪ್ಯಾಡು. ಅದರ ಬಕಲ್‌ಗಳು ಕಿತ್ತುಹೋಗಿದ್ದರಿಂದ ಗೋಣಿಚೀಲ ಹೊಲಿಯುವ ಸುತಳಿಯಿಂದ ಬಿಗಿದಿದ್ದರು. ಆ ಹುಡುಗಿ ಮೊದಲಾರ್ಧದಲ್ಲಿಯೇ ಏಳೆಂಟು ಹೊಡೆತಗಳನ್ನು ತಡೆದಳು. ಕೊನೆಯಲ್ಲಿ ಎರಡು ಗೋಲು ಬಿದ್ದವು, ತಂಡ ಸೋತಿತು, ಮತ್ತು ಮಿಕ್ಕ ಹತ್ತು ಮಂದಿ ಒಂದು ಕಡೆ ಕುಳಿತು ನೀರು ಕುಡಿಯುತ್ತಿದ್ದರೆ ಇವಳೊಬ್ಬಳು ಗೋಲಿನ ಕಂಬದ ಹತ್ತಿರವೇ ಕುಳಿತು ಸುತಳಿಯ ಗಂಟು ಬಿಚ್ಚುತ್ತಿದ್ದಳು. ಚೆನ್ನಾಗಿ ಆಡಿದೆ ಎಂದು ಹೇಳಿ, ಯಾರಮ್ಮ ನಿನಗೆ ಕಲಿಸಿದ್ದು ಎಂದು ಕೇಳಿದೆ. "ಯಾರೂ ಕಲಿಸಿಲ್ರಿ ಸರ್. ನಿನಗ ಓಡಾಕ ಆಗಂಗಿಲ್ಲ, ಗೋಲಿನಾಗ ನಿಂದ್ರು ಅಂದ್ರು, ನಿಂತೆ" ಎಂದಳು.

ಆ ಮಾತು ನನ್ನ ಎದೆಯಲ್ಲಿ ಉಳಿದುಕೊಂಡಿದೆ. ನಾನೂ ಕಾಲೇಜು ದಿನಗಳಲ್ಲಿ ಗೋಲು ಕಾದವನೇ, ಮತ್ತು ನನ್ನನ್ನೂ ಹೆಚ್ಚುಕಡಿಮೆ ಇದೇ ಮಾತು ಹೇಳಿ ಅಲ್ಲಿ ನಿಲ್ಲಿಸಿದ್ದರು. ತಂಡದಲ್ಲಿ ಎಲ್ಲಿಗೂ ಸಲ್ಲದವರನ್ನು ಗೋಲಿಗೆ ನಿಲ್ಲಿಸುವ, ನಿಲ್ಲಿಸಿದ ಮೇಲೆ ಏನೂ ಕಲಿಸದೆ ಬಿಟ್ಟುಬಿಡುವ, ಸೋತಾಗ ಮಾತ್ರ ಅವರತ್ತ ತಿರುಗಿ ನೋಡುವ ಈ ರೂಢಿಯನ್ನು ಕುರಿತು ಬರೆಯಬೇಕೆಂದುಕೊಂಡಾಗ ನನಗೆ ನೆನಪಾದದ್ದು ದೂರದ ಕೆನಡಾದ ಒಬ್ಬ ಐಸ್ ಹಾಕಿ ಗೋಲ್‌ಕೀಪರ್, ಪ್ಯಾಟ್ರಿಕ್ ರಾಯ್. ಅವರ ಮಾತೃಭಾಷೆಯಾದ ಫ್ರೆಂಚಿನಲ್ಲಿ ಆ ಹೆಸರನ್ನು ರುವಾ ಎನ್ನುತ್ತಾರೆ. ಮಂಜುಗಡ್ಡೆಯನ್ನು ಕಬ್ಬಿನ ಹಾಲಿನ ಗಾಡಿಯಲ್ಲಿ ಮಾತ್ರ ಕಾಣುವ ನಮ್ಮ ಬಿಸಿಲ ಸೀಮೆಯಲ್ಲಿ ಈ ಉದಾಹರಣೆ ಯಾಕೆ ಎಂದು ಓದುಗರು ಕೇಳಬಹುದು. ಗೋಲು ಕಾಯುವವರ ಸಂಕಟವೂ ವಿದ್ಯೆಯೂ ಎಲ್ಲ ಕಡೆ ಒಂದೇ ಆಗಿರುವುದರಿಂದಲೂ, ಗೋಲು ಕಾಯುವುದನ್ನು ಒಂದು ಪ್ರತ್ಯೇಕ ಶಾಸ್ತ್ರವೆಂದು ಭಾವಿಸಿ ಕಲಿಸಿದರೆ ಏನಾಗುತ್ತದೆ ಎಂಬುದು ಅವರ ಬದುಕಿನಲ್ಲಿ ಕಣ್ಣಿಗೆ ಕಟ್ಟುವಂತೆ ಕಾಣುವುದರಿಂದಲೂ ಅದನ್ನು ಸ್ವಲ್ಪ ವಿವರವಾಗಿಯೇ ಹೇಳಲು ಅವಕಾಶ ಕೋರುತ್ತೇನೆ.

ಐಸ್ ಹಾಕಿಯಲ್ಲಿ ಚೆಂಡಿನ ಬದಲು ಪಕ್ ಎಂಬ ಗಟ್ಟಿ ರಬ್ಬರಿನ ಬಿಲ್ಲೆ ಇರುತ್ತದೆ. ಮೂರು ಅಂಗುಲ ಅಗಲ, ಒಂದು ಅಂಗುಲ ದಪ್ಪ, ಸುಮಾರು 170 ಗ್ರಾಂ ತೂಕ. ಬಲವಾಗಿ ಹೊಡೆದರೆ ಗಂಟೆಗೆ 160 ಕಿಲೋಮೀಟರಿಗೂ ಮಿಕ್ಕಿದ ವೇಗದಲ್ಲಿ ಬರುತ್ತದೆ. ಆರು ಅಡಿ ಅಗಲ, ನಾಲ್ಕು ಅಡಿ ಎತ್ತರದ ಗೋಲಿನ ಮುಂದೆ ಒಬ್ಬನೇ ನಿಂತು ಅದನ್ನು ತಡೆಯಬೇಕು. ಹಿಂದಿನ ಕಾಲದಲ್ಲಿ ಈ ಗೋಲ್‌ಕೀಪರ್‌ಗಳು ಮುಖಕ್ಕೆ ಏನನ್ನೂ ಕಟ್ಟಿಕೊಳ್ಳದೆ ಆಡುತ್ತಿದ್ದರೆಂಬುದು ಇಂದು ನಂಬಲು ಕಷ್ಟವಾದ ಸಂಗತಿ. 1959ರ ನವೆಂಬರ್ 1ರಂದು ನ್ಯೂಯಾರ್ಕಿನಲ್ಲಿ ನಡೆದ ಪಂದ್ಯದಲ್ಲಿ ಮಾಂಟ್ರಿಯಲ್ ತಂಡದ ಜಾಕ್ ಪ್ಲಾಂಟ್ ಅವರ ಮುಖಕ್ಕೆ ಪಕ್ ಬಡಿದು ಆಳವಾದ ಗಾಯವಾಯಿತು. ಹೊಲಿಗೆ ಹಾಕಿಸಿಕೊಂಡು ಬಂದ ಅವರು, ಅಭ್ಯಾಸದಲ್ಲಿ ತಾವು ಬಳಸುತ್ತಿದ್ದ ಮುಖವಾಡವನ್ನು ಧರಿಸದೆ ಆಟಕ್ಕೆ ಇಳಿಯುವುದಿಲ್ಲವೆಂದು ಹಟ ಹಿಡಿದರು. ಮುಖವಾಡದಿಂದ ನೋಟಕ್ಕೆ ಅಡ್ಡಿಯಾದೀತೆಂಬುದು ತರಬೇತುದಾರ ಟೋ ಬ್ಲೇಕ್ ಅವರ ವಾದವಾಗಿತ್ತು. ಆದರೆ ಆಗ ತಂಡಗಳು ಎರಡನೆಯ ಗೋಲ್‌ಕೀಪರನ್ನು ಇಟ್ಟುಕೊಳ್ಳುತ್ತಿರಲಿಲ್ಲವಾದ್ದರಿಂದ ಒಪ್ಪದೆ ಗತ್ಯಂತರವಿರಲಿಲ್ಲ. ಮಾಂಟ್ರಿಯಲ್ 3-1ರಿಂದ ಗೆದ್ದಿತು. ಇದೇ ಪ್ಲಾಂಟ್ ಮುಂದೆ ಕ್ವಿಬೆಕ್ ತಂಡವೊಂದಕ್ಕೆ ತರಬೇತುದಾರರಾದರು, ಕಿರಿಯ ಗೋಲ್‌ಕೀಪರ್ ಬರ್ನಿ ಪೇರೆಂಟ್ ಅವರನ್ನು ತಿದ್ದಿದರು. ಆ ಪೇರೆಂಟ್ ಫಿಲಡೆಲ್ಫಿಯಾ ತಂಡಕ್ಕೆ 1974 ಮತ್ತು 1975ರಲ್ಲಿ, ಅಲ್ಲಿನ ವೃತ್ತಿಪರ ಐಸ್ ಹಾಕಿಯ ಅತಿ ದೊಡ್ಡ ಪ್ರಶಸ್ತಿಯಾದ ಸ್ಟಾನ್ಲಿ ಕಪ್ ಗೆದ್ದುಕೊಟ್ಟರು.

ರಾಯ್ 1965ರಲ್ಲಿ ಕ್ವಿಬೆಕ್ ನಗರದಲ್ಲಿ ಹುಟ್ಟಿದವರು. 1984ರಲ್ಲಿ ವೃತ್ತಿಪರ ತಂಡಗಳು ಹುಡುಗರನ್ನು ಆರಿಸಿಕೊಂಡಾಗ ಅವರ ಸರದಿ ಬಂದದ್ದು 51ನೆಯದಾಗಿ. ಎರಡೇ ವರ್ಷದಲ್ಲಿ, ಇಪ್ಪತ್ತರ ಹರೆಯದಲ್ಲಿ, ಅವರು ಮಾಂಟ್ರಿಯಲ್ ಕೆನೇಡಿಯನ್ಸ್ ತಂಡಕ್ಕೆ ಸ್ಟಾನ್ಲಿ ಕಪ್ ತಂದುಕೊಟ್ಟರು. ಈ ಏಳಿಗೆಯ ಹಿಂದೆ ಫ್ರಾನ್ಸ್ವಾ ಅಲೇರ್ ಎಂಬ ತರಬೇತುದಾರರಿದ್ದರು. ಅವರ ಕೆಲಸವೇ ಗೋಲ್‌ಕೀಪರ್‌ಗಳಿಗೆ ಕಲಿಸುವುದು. ಎರಡೂ ಮೊಣಕಾಲೂರಿ, ಪಾದಗಳನ್ನು ಚಿಟ್ಟೆಯ ರೆಕ್ಕೆಯಂತೆ ಎಡಬಲಕ್ಕೆ ಚಾಚಿ, ಗೋಲಿನ ಕೆಳಭಾಗವನ್ನು ಮುಚ್ಚಿಬಿಡುವ ಭಂಗಿ ಹಿಂದೆಯೂ ಕೆಲವರಲ್ಲಿ ಇತ್ತು. ಅದನ್ನು ಕ್ರಮಬದ್ಧವಾದ ವಿದ್ಯೆಯಾಗಿ ರೂಢಿಸಿದ ಕೀರ್ತಿ ಈ ಇಬ್ಬರಿಗೆ ಸಲ್ಲುತ್ತದೆ. ಬಂದ ಹೊಡೆತಕ್ಕೆಲ್ಲ ಹಾರಿ ಬೀಳುವುದಕ್ಕಿಂತ, ಹೊಡೆತ ಬರುವ ಮೊದಲೇ ಸರಿಯಾದ ಜಾಗದಲ್ಲಿ ನಿಂತಿರುವುದು ಮೇಲು ಎಂಬುದು ಅದರ ತಿರುಳು. ಬಹುಶಃ ಇದಕ್ಕಿಂತ ದೊಡ್ಡ ಪಾಠ ಗೋಲ್‌ಕೀಪರ್‌ಗೆ ಇಲ್ಲ.

ಈ ಪಾಠವನ್ನು ನಾನು ಆ ಹುಡುಗಿಗೆ ಅಲ್ಲಿಯೇ ತೋರಿಸಿದೆ. ಅವಳ ಪ್ಯಾಡಿನ ಸುತಳಿಯ ಉಂಡೆಯನ್ನೇ ತೆಗೆದುಕೊಂಡು, ಗೋಲಿನ ಎರಡು ಕಂಬಗಳಿಗೂ ಒಂದೊಂದು ಎಳೆ ಕಟ್ಟಿ, ಎರಡರ ತುದಿಯನ್ನೂ ಎದುರಿಗೆ ಎಂಟು ಹೆಜ್ಜೆ ದೂರದಲ್ಲಿಟ್ಟ ಚೆಂಡಿನ ಬಳಿ ಸೇರಿಸಿದೆ. ಗೋಲಿನ ಗೆರೆಯ ಮೇಲೆ ನಿಂತಾಗ ಎರಡು ಎಳೆಗಳ ನಡುವೆ 3.66 ಮೀಟರ್, ಅವಳ ಎರಡೂ ಕೈ ಚಾಚಿದರೂ ಮುಟ್ಟದು. ನಾಲ್ಕು ಹೆಜ್ಜೆ ಮುಂದೆ ಬಾ ಎಂದೆ. ಅಲ್ಲಿ ಅಗಲ ಅರ್ಧಕ್ಕಿಳಿದು ಎರಡು ಎಳೆಗಳೂ ಹೆಚ್ಚುಕಡಿಮೆ ಅವಳ ಕೈಗೆ ಎಟಕುವಷ್ಟಾದವು. ಅವಳು ಹಿಂದೆ ತಿರುಗಿ ಗೋಲನ್ನೂ ಮುಂದೆ ಚೆಂಡನ್ನೂ ಎರಡು ಮೂರು ಸಲ ನೋಡಿದಳು, ಆಮೇಲೆ ತಾನೇ ಹಿಂದೆ ಮುಂದೆ ನಡೆದು ಎಳೆಗಳ ಅಂತರವನ್ನು ಪರೀಕ್ಷಿಸಿದಳು. ಐದು ನಿಮಿಷದ ಕೆಲಸ. ಒಂದು ವರ್ಷದಿಂದ ಗೋಲಿನಲ್ಲಿ ನಿಂತಿದ್ದ ಮಗುವಿಗೆ ಇದನ್ನು ಯಾರೂ ತೋರಿಸಿರಲಿಲ್ಲ.

ಇನ್ನು ರಾಯ್ ಅವರ ಬದುಕಿನ ಕಹಿ ದಿನದ ಮಾತು. 1995ರ ಡಿಸೆಂಬರ್ 2ರಂದು ತವರಿನ ಅಂಗಳದಲ್ಲಿ ಡೆಟ್ರಾಯಿಟ್ ವಿರುದ್ಧ ಮಾಂಟ್ರಿಯಲ್ 11-1ರಿಂದ ಸೋತಿತು. ಅದರಲ್ಲಿ ಒಂಬತ್ತು ಗೋಲುಗಳು ರಾಯ್ ಅವರ ಮೇಲೆಯೇ ಬಿದ್ದವು. ಪ್ರೇಕ್ಷಕರು ಅಣಕದ ಚಪ್ಪಾಳೆ ತಟ್ಟುತ್ತಿದ್ದರೂ ತರಬೇತುದಾರ ಮಾರಿಯೋ ಟ್ರೆಂಬ್ಲೆ, ರಾಯ್ ಅವರನ್ನು ಬೇಗ ಹೊರಗೆ ಕರೆಯಲಿಲ್ಲ. ಕೊನೆಗೆ ಹೊರಬಂದ ರಾಯ್, ಬೆಂಚಿನ ಹಿಂದೆ ಕುಳಿತಿದ್ದ ಕ್ಲಬ್ ಅಧ್ಯಕ್ಷರ ಬಳಿಗೆ ಹೋಗಿ ಈ ತಂಡಕ್ಕೆ ಇದೇ ನನ್ನ ಕೊನೆಯ ಪಂದ್ಯವೆಂದು ಹೇಳಿಬಿಟ್ಟರು. ನಾಲ್ಕು ದಿನಗಳಲ್ಲಿ ಅವರನ್ನು ಕೊಲೊರಾಡೊ ತಂಡಕ್ಕೆ ಬಿಟ್ಟುಕೊಡಲಾಯಿತು. ಮುಂದಿನ ಜೂನ್‌ನಲ್ಲಿ ಆ ತಂಡ ಸ್ಟಾನ್ಲಿ ಕಪ್ ಗೆದ್ದಿತು. ಅವರು ಸಿಟ್ಟಿನಲ್ಲಿ ನಡೆದುಕೊಂಡ ರೀತಿ ಸರಿಯೆಂದು ನಾನು ಹೇಳಲಾರೆ. ಆದರೆ ಅವರ ನೋವು ನನಗೆ ಅರ್ಥವಾಗುತ್ತದೆ. ನನ್ನ ಕಾಲೇಜು ದಿನಗಳ ಒಂದು ಪಂದ್ಯದಲ್ಲಿ ಮೂರನೆಯ ಗೋಲಿನ ಹೊತ್ತಿಗೇ ನನ್ನ ಬಲ ಹೆಬ್ಬೆರಳು ಊದಿಕೊಂಡಿತ್ತು. ಹೊರಗೆ ಕರೆಯಿರಿ ಎಂದು ಸನ್ನೆ ಮಾಡಿದರೂ ನಮ್ಮ ತಂಡದ ಮೇಲ್ವಿಚಾರಕರು ಏಳನೆಯ ಗೋಲು ಬೀಳುವವರೆಗೆ ನೋಡುತ್ತ ನಿಂತರು. ಗೋಲು ಕಾಯ್ದು ಗೊತ್ತಿಲ್ಲದವರಿಗೆ ಆ ಸನ್ನೆ ಕಾಣುವುದೇ ಇಲ್ಲ.

2003ರಲ್ಲಿ ಆಟ ಬಿಟ್ಟಾಗ ರಾಯ್ ಅವರ ಹೆಸರಿನಲ್ಲಿ ಲೀಗ್ ಹಂತದ 551 ಗೆಲುವುಗಳಿದ್ದವು; ಅದು ಆಗಿನ ದಾಖಲೆ. ನಾಲ್ಕು ಸ್ಟಾನ್ಲಿ ಕಪ್, ಮತ್ತು ಲೀಗ್ ಮುಗಿದ ಮೇಲಿನ ನಾಕೌಟ್ ಹಂತವಾದ ಪ್ಲೇಆಫ್‌ನ ಶ್ರೇಷ್ಠ ಆಟಗಾರನಿಗೆ ಕೊಡುವ ಕಾನ್ ಸ್ಮೈತ್ ಟ್ರೋಫಿ ಮೂರು ಸಲ. ಅಷ್ಟಾದ ಮೇಲೆ ಅವರು ಊರಿಗೆ ಮರಳಿ ಕ್ವಿಬೆಕ್ ರೆಂಪಾರ್ಟ್ಸ್ ಎಂಬ ಕಿರಿಯರ ತಂಡಕ್ಕೆ ತರಬೇತುದಾರರಾದರೆಂಬುದು ನನಗೆ ಬಹಳ ಮೆಚ್ಚುಗೆಯಾದ ಸಂಗತಿ. 2006ರಲ್ಲಿ ಆ ಹುಡುಗರು ಕೆನಡಾದ ಕಿರಿಯರ ಅತಿ ದೊಡ್ಡ ಪ್ರಶಸ್ತಿಯಾದ ಮೆಮೋರಿಯಲ್ ಕಪ್ ಗೆದ್ದರು. 2013ರಲ್ಲಿ ಕೊಲೊರಾಡೊ ತಂಡದ ಮುಖ್ಯ ತರಬೇತುದಾರರಾಗಿ ಹೋದಾಗ, ಹಳೆಯ ಗುರು ಅಲೇರ್ ಅವರನ್ನು ಗೋಲ್‌ಕೀಪರ್‌ಗಳ ತರಬೇತಿಗೆ ಜೊತೆಯಲ್ಲಿ ಕರೆದುಕೊಂಡರು. ಮೊದಲ ಪಂದ್ಯದಲ್ಲಿಯೇ ಎದುರಾಳಿ ತರಬೇತುದಾರರೊಂದಿಗೆ ಜಗಳವಾಡಿ ದಂಡ ತೆತ್ತದ್ದೂ ಉಂಟು; ಮುಂಗೋಪ ಅವರನ್ನು ಬಿಟ್ಟಿರಲಿಲ್ಲ. ಆದರೂ ಆ ವರ್ಷ ತಂಡ 52 ಪಂದ್ಯ ಗೆದ್ದಿತು, ವರ್ಷದ ಶ್ರೇಷ್ಠ ತರಬೇತುದಾರರಿಗೆ ಸಲ್ಲುವ ಜಾಕ್ ಆಡಮ್ಸ್ ಪ್ರಶಸ್ತಿ ಅವರದಾಯಿತು.

ಅವರ ತರಬೇತಿಯ ಒಂದು ಪ್ರಸಂಗವನ್ನು ಹೇಳದೆ ಮುಂದೆ ಹೋಗಲಾರೆ. ಐಸ್ ಹಾಕಿಯಲ್ಲಿ ಸೋಲುತ್ತಿರುವ ತಂಡ ಕೊನೆಯ ಗಳಿಗೆಯಲ್ಲಿ ಗೋಲ್‌ಕೀಪರನ್ನು ಹೊರಗೆ ಕರೆದು, ಗೋಲನ್ನು ಬರಿದಾಗಿ ಬಿಟ್ಟು, ಆ ಜಾಗದಲ್ಲಿ ಇನ್ನೊಬ್ಬ ದಾಳಿಗಾರನನ್ನು ಇಳಿಸಬಹುದು. ಸಾಮಾನ್ಯವಾಗಿ ಕೊನೆಯ ಒಂದು ನಿಮಿಷದ ಆಸುಪಾಸಿನಲ್ಲಿ ಹೀಗೆ ಮಾಡುತ್ತಿದ್ದರು. 2014ರ ಏಪ್ರಿಲ್‌ನಲ್ಲಿ ಮಿನೆಸೋಟ ವಿರುದ್ಧ 3-4ರಿಂದ ಹಿಂದಿದ್ದಾಗ ರಾಯ್ ಸುಮಾರು ಮೂರು ನಿಮಿಷ ಉಳಿದಿರುವಾಗಲೇ ಗೋಲ್‌ಕೀಪರ್ ವಾರ್ಲಾಮೊವ್ ಅವರನ್ನು ಹೊರಗೆ ಕರೆದರು.  ಹದಿಮೂರು ಸೆಕೆಂಡು ಉಳಿದಿದ್ದಾಗ ಕೊಲೊರಾಡೊ ತಂಡದ ಸ್ಟಾಸ್ಟ್ನಿ ಸಮಬಲದ ಗೋಲು ಹೊಡೆದರು. ಹೆಚ್ಚುವರಿ ಅವಧಿಯಲ್ಲಿ ಅವರೇ ಗೆಲುವಿನ ಗೋಲನ್ನೂ ಹೊಡೆದರು. ಎರಡು ದಶಕ ಗೋಲು ಕಾದು, ಬರಿದಾದ ಗೋಲಿನ ಅಪಾಯ ಎಷ್ಟೆಂದು ಅಂಗೈ ಗೆರೆಯಷ್ಟು ಸ್ಪಷ್ಟವಾಗಿ ತಿಳಿದಿದ್ದವರಿಗೇ ಅಂಥ ಧೈರ್ಯ ಬಂದೀತು. ಐಸ್ ಹಾಕಿಯಲ್ಲಿಯೂ ಗೋಲ್‌ಕೀಪರ್‌ಗಳು ಮುಖ್ಯ ತರಬೇತುದಾರರಾಗುವುದು ಅಪರೂಪ. ಅವರು ಬೇರೆಯೇ ಆಟ ಆಡುವವರೆಂಬ ಭಾವನೆ ಅಲ್ಲಿಯೂ ಇದೆ. ಇಡೀ ಮೈದಾನವನ್ನು ಮುಖಾಮುಖಿಯಾಗಿ ನೋಡುತ್ತ ನಿಲ್ಲುವುದು ಗೋಲ್‌ಕೀಪರ್ ಒಬ್ಬರೇ ಎಂಬುದನ್ನು ಜನ ಮರೆಯುತ್ತಾರೆ. ರಾಯ್ 2016ರಲ್ಲಿ ಕೊಲೊರಾಡೊ ಬಿಟ್ಟು, ಮತ್ತೆ ಕ್ವಿಬೆಕ್ಕಿನ ಹುಡುಗರ ಬಳಿ ಬಂದು 2023ರಲ್ಲಿ ಎರಡನೆಯ ಮೆಮೋರಿಯಲ್ ಕಪ್ ಗೆಲ್ಲಿಸಿ, 2024ರ ಜನವರಿಯಲ್ಲಿ ನ್ಯೂಯಾರ್ಕ್ ಐಲ್ಯಾಂಡರ್ಸ್ ತಂಡದ ತರಬೇತುದಾರರಾದರು.

ನಮ್ಮ ದೇಶದಲ್ಲಿಯೂ ಈ ದಾರಿ ತೆರೆದಿದೆ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನ ಹಾಕಿ ಕ್ವಾರ್ಟರ್‌ಫೈನಲ್‌ನಲ್ಲಿ ಭಾರತ ಹತ್ತೇ ಮಂದಿಯೊಂದಿಗೆ ಬ್ರಿಟನ್ ವಿರುದ್ಧ ಉಳಿದುಕೊಂಡದ್ದು ಪಿ.ಆರ್. ಶ್ರೀಜೇಶ್ ಅವರ ಗೋಲ್‌ಕೀಪಿಂಗ್‌ನ ಬಲದಿಂದ. ಕಂಚು ಗೆದ್ದು ನಿವೃತ್ತರಾದ ಅವರು ಕಿರಿಯರ ತಂಡದ ತರಬೇತುದಾರರಾಗಿ ಅದೇ ವರ್ಷ ಮಸ್ಕತ್‌ನಲ್ಲಿ ಜೂನಿಯರ್ ಏಷ್ಯಾ ಕಪ್ ಗೆಲ್ಲಿಸಿದರು. 1998ರ ಬ್ಯಾಂಕಾಕ್ ಏಷ್ಯಾಡ್ ಫೈನಲ್‌ನಲ್ಲಿ ನಮ್ಮ ಬೆಂಗಳೂರಿನ ಆಶಿಶ್ ಬಲ್ಲಾಳ್ ಪೆನಾಲ್ಟಿಗಳನ್ನು ತಡೆದು ಚಿನ್ನ ತಂದುಕೊಟ್ಟದ್ದನ್ನು ನನ್ನ ವಯಸ್ಸಿನವರು ಮರೆತಿಲ್ಲ.

ಹಾಗಾಗಿ ನನ್ನ ಕೋರಿಕೆ ಇಷ್ಟು. ಬಳ್ಳಾರಿ, ರಾಯಚೂರು, ಕೊಪ್ಪಳ ಮೂರೂ ಜಿಲ್ಲೆಗಳಿಗೆ ಸೇರಿ ಗೋಲು ಕಾಯುವ ವಿದ್ಯೆಯನ್ನೇ ಕಲಿಸುವ ಒಬ್ಬ ತರಬೇತುದಾರರನ್ನು ಕ್ರೀಡಾ ಇಲಾಖೆ ನೇಮಿಸಲಿ. ಅವರು ತಿಂಗಳಿಗೊಮ್ಮೆ ಒಂದೊಂದು ಜಿಲ್ಲಾ ಕೇಂದ್ರಕ್ಕೆ ಬಂದು ಎರಡು ದಿನ ಹಾಕಿ, ಫುಟ್‌ಬಾಲ್, ಹ್ಯಾಂಡ್‌ಬಾಲ್ ಮೂರೂ ಆಟಗಳ ಗೋಲ್‌ಕೀಪರ್ ಮಕ್ಕಳನ್ನು ಒಟ್ಟಿಗೆ ಸೇರಿಸಿ ಕಲಿಸಿದರೂ ದೊಡ್ಡ ಬದಲಾವಣೆಯಾದೀತು. ನಿಲ್ಲುವ ಜಾಗ, ಕೋನ, ಪಾದದ ಚಲನೆ, ಗೋಲು ಬಿದ್ದ ಮೇಲೆ ಮನಸ್ಸನ್ನು ಹಿಡಿತಕ್ಕೆ ತಂದುಕೊಳ್ಳುವ ಬಗೆ, ಇವೆಲ್ಲ ಮೂರೂ ಆಟಗಳಿಗೆ ಸಮಾನ. ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯ ಅನುದಾನದಲ್ಲಿ ಇದಕ್ಕೆ ಬೇಕಾದ ಹಣ ತೀರಾ ಚಿಕ್ಕ ಭಾಗ. ಪಂದ್ಯಕ್ಕೆ ಬೇಕಾದ ಹೆಲ್ಮೆಟ್, ಲೆಗ್‌ಗಾರ್ಡ್, ಕೈಗವಸುಗಳ ಒಂದೊಂದು ಪೂರ್ಣ ಜೊತೆ ಪ್ರತಿ ತಾಲ್ಲೂಕಿಗೂ ಇರಲಿ, ಶಾಲೆಗಳು ಅದನ್ನು ಎರವಲು ಪಡೆಯುವಂತಾಗಲಿ. ಜೊತೆಗೆ, ಪಂದ್ಯದ ವರದಿಯಲ್ಲಿ ಗೋಲು ಹೊಡೆದವರ ಹೆಸರಿನೊಂದಿಗೆ ಗೋಲು ಕಾದವರ ಹೆಸರನ್ನೂ ಒಂದು ಸಾಲಿನಲ್ಲಿ ಹಾಕಬೇಕೆಂದು ತಮ್ಮ ಪತ್ರಿಕೆಯಲ್ಲಿ ವಿನಂತಿಸುತ್ತೇನೆ.

ಅಭ್ಯಾಸದ ಮಟ್ಟಿಗೆ ನಮ್ಮಿಂದಾದದ್ದನ್ನು ನಾವು ಶುರು ಮಾಡಿದ್ದೇವೆ. 1920ರ ದಶಕದಲ್ಲಿ ಕೆನಡಾದ ಹ್ಯಾಮಿಲ್ಟನ್‌ನಲ್ಲಿ ಕುದುರೆಯ ಜೀನು ಹೊಲಿಯುತ್ತಿದ್ದ ಎಮಿಲ್ ಕೆನೆಸ್ಕಿ ಎಂಬವರು, ಕ್ರಿಕೆಟ್ ಪ್ಯಾಡು ಕಟ್ಟಿಕೊಂಡು ಆಡುತ್ತಿದ್ದ ಗೋಲ್‌ಕೀಪರ್‌ಗಳಿಗಾಗಿ ಅಗಲವಾದ ಚರ್ಮದ ಪ್ಯಾಡುಗಳನ್ನು ಹೊಲಿದುಕೊಟ್ಟಿದ್ದರು. ಜೀನ್ಸ್ ಹೊಲಿಗೆಗೆ ಹೆಸರಾದ ನಮ್ಮ ಊರಿನಲ್ಲಿ ಕೌಲ್ ಬಜಾರಿನ ದರ್ಜಿಯೊಬ್ಬರು ಜೀನ್ಸ್ ಬಟ್ಟೆಯ ತುಂಡುಗಳ ಎರಡು ಪದರದ ನಡುವೆ ಹತ್ತಿ ಮತ್ತು ಫೋಮ್ ತುಂಬಿ, ಟೆನಿಸ್ ಚೆಂಡಿನ ಅಭ್ಯಾಸಕ್ಕೆ ಸಾಕಾಗುವ ಒಂದು ಜೊತೆ ಪ್ಯಾಡು ಹೊಲಿದುಕೊಡಲು ಒಪ್ಪಿದ್ದಾರೆ. ಬಕಲ್ ಕೀಳದಂತೆ ಹಳೆಯ ಸ್ಕೂಲ್ ಬ್ಯಾಗಿನ ಪಟ್ಟಿಗಳನ್ನು ಹಾಕುತ್ತಾರಂತೆ. ಆ ಹುಡುಗಿಯ ಕಾಲಿನ ಅಳತೆ ಕೊಟ್ಟಾಗಿದೆ. ಹಬ್ಬದ ಹೊಲಿಗೆ ಮುಗಿದ ವಾರದಲ್ಲಿ ಕೊಡುವುದಾಗಿ ಹೇಳಿದ್ದಾರೆ.

ಇತಿ ತಮ್ಮ ವಿಶ್ವಾಸಿ,
ನಿವೃತ್ತ ದೈಹಿಕ ಶಿಕ್ಷಣ ಶಿಕ್ಷಕ,
ಬಳ್ಳಾರಿ