ಪಕ್ಷ ಸೇರುವ ಮೊದಲು

ಚಿ. ಸೌಮ್ಯಳಿಗೆ ದೊಡ್ಡಪ್ಪನ ಆಶೀರ್ವಾದಗಳು.

ಕೆಲಸ ಬಿಟ್ಟು ಹೊಸ ಪಕ್ಷ ಸೇರುತ್ತೀಯಂತೆ. ನಿನ್ನಪ್ಪ ಗಾಬರಿಯಾಗಿದ್ದಾನೆ. ನನಗೆ ಗಾಬರಿಯಿಲ್ಲ, ಒಂದು ಪ್ರಶ್ನೆ ಇದೆ. ಚುನಾವಣೆ ದಿನ ನಿಮ್ಮ ಪಕ್ಷದ ಪರವಾಗಿ ಬೂತಿನಲ್ಲಿ ಕೂರುವವರು ಯಾರು?

ಹೊಸ ಪಕ್ಷಗಳ ಪ್ರಣಾಳಿಕೆ ಚೆನ್ನಾಗಿಯೇ ಇರುತ್ತದೆ. ಅಭ್ಯರ್ಥಿಯ ಮುಖ ಮಾತ್ರ ಊರಿಗೆ ಗೊತ್ತಿರುವುದಿಲ್ಲ. ಅದು ಗೊತ್ತಾಗುವುದು ಸಣ್ಣ ಚುನಾವಣೆಗಳಲ್ಲಿ. 1983ರಲ್ಲಿ ರಾಮಕೃಷ್ಣ ಹೆಗಡೆಯವರ ಸರ್ಕಾರ ಬಂದದ್ದನ್ನೇ ಎಲ್ಲರೂ ದೊಡ್ಡ ಬದಲಾವಣೆ ಅಂತಾರೆ. ನನ್ನ ಲೆಕ್ಕದಲ್ಲಿ ದೊಡ್ಡದು 1987. ಆ ವರ್ಷ ಜಿಲ್ಲಾ ಪರಿಷತ್ತು, ಕೆಲವು ಊರು ಸೇರಿಸಿ ಮಾಡಿದ ಮಂಡಲ ಪಂಚಾಯ್ತಿಗಳಿಗೆ ಚುನಾವಣೆ ನಡೆಯಿತು. ಹೆಂಗಸರಿಗೆ ಶೇ. 25ರಷ್ಟು ಸೀಟು ಮೀಸಲು. ಜನ ‘ನೀರ್ ಸಾಬ್’ ಅಂತ ಕರೆಯುತ್ತಿದ್ದ ಮಂತ್ರಿ ಅಬ್ದುಲ್ ನಜೀರ್ ಸಾಬರು ಹಟ ಹಿಡಿದು ಮಾಡಿದ ಕೆಲಸ ಅದು. ಎಷ್ಟೋ ಕಡೆ ಹೆಂಡತಿ ಗೆದ್ದರೂ ಗಂಡನೇ ದರ್ಬಾರು ಮಾಡಿದ, ನಿಜ. ಆದರೂ ಊರಿನ ದುಡ್ಡಿನ ಬಗ್ಗೆ ಊರಿನವರೇ ಜಗಳವಾಡುವುದು ಶುರುವಾಯಿತು. ದೇಶಕ್ಕೆಲ್ಲ ಪಂಚಾಯ್ತಿ ಕಡ್ಡಾಯ ಮಾಡಿದ 73ನೇ ತಿದ್ದುಪಡಿ ಜಾರಿಗೆ ಬಂದದ್ದು 1993ರಲ್ಲಿ!

ಈಚಿನದ್ದು ನೋಡು. ಬಿಬಿಎಂಪಿ ಸದಸ್ಯರ ಅವಧಿ 2020ರಲ್ಲೇ ಮುಗಿಯಿತು. ಜಿಲ್ಲಾ, ತಾಲ್ಲೂಕು ಪಂಚಾಯ್ತಿಗಳದ್ದು 2021ರಲ್ಲಿ. ವಾರ್ಡ್ ಗಡಿ, ಮೀಸಲಾತಿ, ಕೋರ್ಟು ಅಂತ ವರ್ಷಗಟ್ಟಲೆ ಚುನಾವಣೆ ಎಳೆದರು. ಬಿಜೆಪಿ ಸರ್ಕಾರವೂ ಅಷ್ಟೇ, ಕಾಂಗ್ರೆಸ್ ಸರ್ಕಾರವೂ ಅಷ್ಟೇ. ಎಂಎಲ್‌ಎಗಳಿಗೇನು, ಪೈಪೋಟಿ ಕಮ್ಮಿಯಾಯಿತು. ಹೊಸಬರು ಹತ್ತಬೇಕಾದ ಮೊದಲ ಮೆಟ್ಟಿಲನ್ನೇ ಕಿತ್ತ ಹಾಗಾಯಿತು, ಅಲ್ವಾ? ನಿಮ್ಮವರು ಈ ಬಗ್ಗೆ ಬೀದಿಗಿಳಿದಿದ್ದಾರಾ, ಕೇಳು. ಇಲ್ಲ ಅಂದರೆ ಆ ಪಕ್ಷದ ಮೇಲೆ ನನಗೆ ನಂಬಿಕೆ ಕಮ್ಮಿ.

ಪರ್ಯಾಯ ಗೆಲ್ಲುವುದೇ ಇಲ್ಲ ಅಂತಲ್ಲ. 2013ರ ವಿಧಾನಸಭೆ ಚುನಾವಣೆಯಲ್ಲಿ ಮೇಲುಕೋಟೆಯಲ್ಲಿ ರೈತ ನಾಯಕ ಪುಟ್ಟಣ್ಣಯ್ಯನವರು ಗೆದ್ದರು. ಅದರ ಹಿಂದೆ ರೈತ ಸಂಘದ ಎಷ್ಟೋ ವರ್ಷದ ಓಡಾಟ ಇತ್ತು. 2023ರಲ್ಲಿ ಅವರ ಮಗ ದರ್ಶನ್ ಗೆದ್ದಾಗ ಕಾಂಗ್ರೆಸ್ ಅಭ್ಯರ್ಥಿ ಹಾಕದೆ ಬೆಂಬಲಿಸಿತ್ತು. (ಅಲ್ಲೂ ಮಗನೇ ಬರಬೇಕಾಯಿತು ನೋಡು.)

ಸದ್ಯಕ್ಕೆ ಕೆಲಸ ಬಿಡಬೇಡ. ಸಂಬಳ ಇಲ್ಲದವರು ರಾಜಕೀಯದಲ್ಲಿ ಬೇಗ ಯಾರದೋ ಹಂಗಿಗೆ ಬೀಳುತ್ತಾರೆ. ಊರಿಗೆ ಬಂದಾಗ ಗ್ರಾಮಸಭೆಗೆ ಹೋಗು. ಗ್ರಾಮ ಪಂಚಾಯ್ತಿ ಚುನಾವಣೆಯಲ್ಲಿ ಪಕ್ಷದ ಚಿಹ್ನೆ ಇರುವುದಿಲ್ಲ, ನಿನ್ನಂಥವರಿಗೆ ಅದೇ ಅನುಕೂಲ. ಸಭೆಗೆ ಮೊದಲು ಹೋದ ವರ್ಷದ ಖರ್ಚಿನ ಲೆಕ್ಕ ಕೇಳಿ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕು. ಶುಲ್ಕ 10 ರೂಪಾಯಿ, 30 ದಿನದೊಳಗೆ ಉತ್ತರ ಕೊಡಬೇಕು. ಲೆಕ್ಕ ಕೈಗೆ ಬಂದರೆ ನನಗೂ ಒಂದು ಪ್ರತಿ ಕಳಿಸು, ಕೂತು ನೋಡೋಣ.

ಇಂತಿ ನಿನ್ನ ದೊಡ್ಡಪ್ಪ